ಹಗೇವು ಹುಡುಕುತ್ತಿದ್ದ ಮನೆ ಯಜಮಾನರು

ಅವರ ಬಲಗಾಲಿನ ಹಿಮ್ಮಡಿ ಬೇಸಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತ್ತು. ಮೆಟ್ಟು ಕಂಡರೆ ಅವರಿಗಾಗದು. ಯಾರ ಮನೆಗೆ ಹೋದರೂ ಆ ಹಿಮ್ಮಡಿಯಿಂದ ನೆಲವನ್ನು ಧಪಧಪ ಗುದ್ದಿ, ಕತ್ತು ವಾರೆ ಮಾಡಿ ಸದ್ದು ಕೇಳುತ್ತಿದ್ದರು. ನಾನು ಕೊಳ್ಳಬೇಕೆಂದಿದ್ದ ಮನೆಗಳನ್ನೆಲ್ಲ ಕೈತಪ್ಪಿಸಿದ್ದು ಅದೇ ಹಿಮ್ಮಡಿ.

ಕಡೂರಿನ ಪೇಟೆಯಲ್ಲಿ ನಮಗೆ ಬಾಡಿಗೆಗೆ ಜಾಗ ಕೊಟ್ಟಿದ್ದ ಯಜಮಾನರು ಅವರು. ತೆಂಗಿನ ತೋಟ, ರಾಗಿ ಹೊಲ ಇದ್ದವರು. ಹಿಂದಿನ ಭಾಗದಲ್ಲಿ ಅವರ ಸಂಸಾರ; ಬೀದಿ ಕಡೆಯ ಕೋಣೆಗಳಲ್ಲಿ ನಾನು, ನನ್ನ ಹೆಂಡತಿ, ನಮ್ಮವ್ವ. ನಾನು ಅಲ್ಲಿನ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ದೀಪ ಹಚ್ಚಿದ ಮೇಲೆ ಒನಕೆ ಎತ್ತುವಂತಿಲ್ಲ, ಬಾವಿಯ ಹಗ್ಗವನ್ನು ಅವರು ಸುತ್ತುವ ಹಾಗೆಯೇ ಸುತ್ತಿಡಬೇಕು. ನನ್ನ ಹೆಂಡತಿ ಹಗ್ಗ ಸುತ್ತಿ ಬಂದ ಮೇಲೆ ಅವರು ಹೋಗಿ ಬಿಚ್ಚಿ ಮತ್ತೆ ಸುತ್ತುತ್ತಿದ್ದರು. ನೋಡಿ ನೋಡಿ ನನಗೆ ಸಾಕಾಗಿಹೋಗಿತ್ತು.

ಆದರೂ ಸ್ವಂತ ಮನೆಗಾಗಿ ನಾನು ಪರದಾಡಿದ್ದು ಅದಕ್ಕಲ್ಲ, ಅವ್ವನಿಗಾಗಿ. ಕೆಟ್ಟ ನಕ್ಷತ್ರದಲ್ಲಿ ಯಾರಾದರೂ ತೀರಿಕೊಂಡರೆ ಆ ಮನೆಯ ಬಾಗಿಲಿಗೆ ಮುಳ್ಳು ಹಾಕಿ ತಿಂಗಳುಗಟ್ಟಲೆ ಬಿಟ್ಟಿರಬೇಕಿತ್ತು. ಹಾಗಾಗಿ ಬಾಡಿಗೆಯವರ ಮನೆಯಲ್ಲಿ ಮುದುಕರು ಹಾಸಿಗೆ ಹಿಡಿದರೆ ಯಜಮಾನರಿಗೆ ನಿದ್ದೆ ಬರುತ್ತಿರಲಿಲ್ಲ. ತರೀಕೆರೆಯಲ್ಲಿ ನಮ್ಮ ದೊಡ್ಡಮ್ಮನನ್ನು ಉಸಿರಿರುವಾಗಲೇ ದನದ ಕೊಟ್ಟಿಗೆಗೆ ಸಾಗಿಸಿದ್ದನ್ನು ಅವ್ವ ಕಣ್ಣಾರೆ ಕಂಡಿದ್ದಳು. "ನನ್ನ ಹಂಗೆ ಹೊರಗೆ ಹೊರ್‍ಬೇಡ ಕಣೋ. ನಮ್ದು ಅಂತ ಒಂದು ಸೂರು ಮಾಡು," ಎಂದು ನನ್ನ ಕೈ ಹಿಡಿದು ಹೇಳಿದ್ದಳು. ಅವಳಿಗೆ ಆಗಲೇ ಕಾಲು ಊದಿಕೊಳ್ಳುತ್ತಿತ್ತು.

ರೈಲು ಬಂದ ಮೇಲೆ ಕಡೂರಿನಲ್ಲಿ ಮನೆಯ ಬೆಲೆ ಕೇಳಿದರೆ ಮೇಷ್ಟ್ರ ಸಂಬಳದವರಿಗೆ ತಲೆ ತಿರುಗುತ್ತಿತ್ತು. ಅಂಥದರಲ್ಲೂ ಎಲ್ಲೋ ಒಂದು ಮನೆ ಎಟುಕುವ ಹಾಗೆ ಕಂಡರೆ, ಯಜಮಾನರು ಕರೆಯದಿದ್ದರೂ ಹೆಗಲಿಗೆ ಟವೆಲು ಹಾಕಿಕೊಂಡು ಹೊರಡುತ್ತಿದ್ದರು. ಅವರು ಹುಡುಕುತ್ತಿದ್ದದ್ದು ಹಗೇವು, ಅಂದರೆ ನೆಲದಡಿ ರಾಗಿ ತುಂಬಿಡುವ ಗುಳಿ. ಹಗೇವಿಲ್ಲದ್ದು ಅವರ ಲೆಕ್ಕದಲ್ಲಿ ಮನೆಯೇ ಅಲ್ಲ. ನನಗೆ ಅಂಗೈಯಗಲ ಹೊಲವಿಲ್ಲ, ರಾಗಿಯನ್ನು ಅಂಗಡಿಯಿಂದ ತರುತ್ತೇನೆ, ಹಗೇವಿನಲ್ಲಿ ಏನು ತುಂಬಲಿ ಎಂದರೆ, ಕಾಲ ಹೀಗೇ ಇರುತ್ತದೆಯೇ ಎಂದು ನನ್ನನ್ನೇ ಗದರುತ್ತಿದ್ದರು. ಮೊದಲನೆಯ ಮನೆಯಲ್ಲಿ ಹಗೇವಿರಲಿಲ್ಲ. ಎರಡನೆಯದರಲ್ಲಿ ಇತ್ತು, ನೀರು ಜಿನುಗುತ್ತಿತ್ತು. ಇವರು ಅದನ್ನು ಬೀದಿಗೆ ಕೇಳುವ ಹಾಗೆ ಹೇಳಿದರು. ಮಾರುವವರು ನಮ್ಮನ್ನು ಹೊರಗೆ ಕಳಿಸಿದರು.

ಮೂರನೆಯದನ್ನು ಕದ್ದುಮುಚ್ಚಿ ನೋಡಿದೆ. ಒಬ್ಬ ಕೊಬ್ಬರಿ ವ್ಯಾಪಾರಿಯ ಹಳೆಯ ಮನೆ. ಬೆಲೆ ಕುದುರಿತ್ತು, ಎಲೆ ಅಡಿಕೆ ಬದಲಾಯಿಸುವುದೊಂದೇ ಬಾಕಿ. ತಟ್ಟೆ ಮುಂದಿಟ್ಟುಕೊಂಡು ಕೂತಿದ್ದೇವೆ, ಯಜಮಾನರು ಬಂದೇಬಿಟ್ಟರು. ಯಾರು ಹೇಳಿದರೋ ಗೊತ್ತಿಲ್ಲ. ನಡುಮನೆಯಲ್ಲಿ ಗುದ್ದಿದರು; ನೆಲ ಟೊಳ್ಳಾಗಿ ಸದ್ದು ಮಾಡಿತು. ಯಾರ ಹಗೇವು ಎಂದು ಕೇಳಿದರು. ವ್ಯಾಪಾರಿ ತಡವರಿಸಿದ. ಪಾಲಾದಾಗ ಮನೆ ಇವನಿಗೆ, ಹಗೇವು ಇವನ ಅಣ್ಣನಿಗೆ ಬಂದಿತ್ತಂತೆ. ಅಣ್ಣ ಬೇಕಾದಾಗ ಬಂದು ಚಪ್ಪಡಿ ಎತ್ತಿ ರಾಗಿ ತೆಗೆದುಕೊಂಡು ಹೋಗುತ್ತಾನೆ, ಅದರಿಂದೇನು ತೊಂದರೆ ಎಂದ. ಬರಲಿ ಬಿಡಿ, ನನ್ನದೇನೂ ಅಡ್ಡಿಯಿಲ್ಲ ಎಂದೆ ನಾನು. ಆದರೆ ಕೇಳುವವರು ಯಾರು? ಅವರಿಬ್ಬರಿಗೂ ಆಗಲೇ ಜಗಳ ಹತ್ತಿಕೊಂಡಿತ್ತು. ವ್ಯಾಪಾರಿ ತಟ್ಟೆ ಎತ್ತಿಕೊಂಡು ಒಳಗೆ ಹೋದ.

ದಾರಿಯಲ್ಲಿ ನನಗೆ ಮೈಯೆಲ್ಲ ಉರಿದುಹೋಯಿತು. ಅವ್ವನ ಭಯವನ್ನು, ದೊಡ್ಡಮ್ಮನ ಕಥೆಯನ್ನು ಮೊದಲ ಸಲ ಅವರ ಮುಖದ ಮೇಲೆ ಹೇಳಿದೆ. "ನೀವು ರಾಗಿ ಚಿಂತೆ ಮಾಡ್ತಾ ಇರಿ. ನಮ್ಮವ್ವನ್ನ ನಾನು ಎಲ್ಲಿ ಮಲಗಿಸ್ಲಿ?" ಎಂದೆ.  ಅವರು ಮನೆ ಸೇರಿದವರೇ ಬಾವಿಯ ಹಗ್ಗ ಬಿಚ್ಚಿ ಸುತ್ತತೊಡಗಿದರು. ಆಮೇಲೆ ಬಹಳ ದಿನ ನಾನು ಅವರೊಡನೆ ಮಾತಾಡಲಿಲ್ಲ.

ಅವ್ವ ಕಾಯಲಿಲ್ಲ. ಒಂದು ಬೆಳಿಗ್ಗೆ ಉಸಿರು ಎಳೆಯತೊಡಗಿತು. ತನ್ನನ್ನು ಆಚೆಗೆ ಕರಕೊಂಡು ಹೋಗುವಂತೆ, ಯಜಮಾನರಿಗೆ ತೊಂದರೆ ಬೇಡವೆಂದು ತಾನೇ ಸನ್ನೆ ಮಾಡಿದಳು. ನಾನೂ ನನ್ನ ಹೆಂಡತಿಯೂ ಅಳುತ್ತಲೇ ಚಾಪೆ ಎತ್ತಿದೆವು. ಬಾಗಿಲಲ್ಲಿ ಯಜಮಾನರು ಅಡ್ಡ ನಿಂತಿದ್ದರು.

"ಮನೆ ನಂದು ಮೇಷ್ಟ್ರೇ. ಯಾರು ಎಲ್ಲಿ ಮಲಗ್ಬೇಕು ಅಂತ ನಾನು ಹೇಳ್ತೀನಿ. ಒಳಗೆ ಕರ್ಕೊಂಡೋಗಿ."

ಮಧ್ಯಾಹ್ನದೊಳಗೆ ಅವ್ವ ಹೋದಳು. ಪುರೋಹಿತರು ಪಂಚಾಂಗ ನೋಡಿ ತಲೆಯಾಡಿಸಿದರು. ಮನೆ ಬಿಡಬೇಕಾದ ನಕ್ಷತ್ರವೇ ಆಗಿತ್ತು. ನನಗೆ ತಲೆ ಎತ್ತಲಾಗಲಿಲ್ಲ. ಯಜಮಾನರು ಹೆಂಡತಿಗೆ ಪಾತ್ರೆ ಕಟ್ಟಲು ಹೇಳಿ ಗಾಡಿ ಹೂಡಿಸಿದರು. ಅವರ ಸಂಸಾರವೂ ನಮ್ಮದೂ ತೋಟದ ಸೋಗೆಮನೆಯಲ್ಲಿ ತಿಂಗಳುಗಟ್ಟಲೆ ಇದ್ದೆವು. ನಮ್ಮ ಒಲೆಯ ಹೊಗೆ ತಮ್ಮ ಕಡೆಗೇ ಬರುತ್ತದೆಂದು ಅಲ್ಲಿಯೂ ದಿನಾ ಗೊಣಗುತ್ತಿದ್ದರು. ಅವ್ವನ ವಿಷಯ ಮಾತ್ರ ಒಂದು ದಿನವೂ ಎತ್ತಲಿಲ್ಲ.

ಯಜಮಾನರು ತೀರಿಕೊಂಡಾಗ ನಾನು ವರ್ಗವಾಗಿ ಅಜ್ಜಂಪುರದಲ್ಲಿದ್ದೆ. ಸುದ್ದಿ ತಿಳಿದು ರೈಲು ಹತ್ತಿ ಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಅವರ ಮನೆಯ ಜಗಲಿಯ ಮೇಲೆ ಕೂತು ಅವ್ವನಿಗಾಗಿ ಅತ್ತದ್ದಕ್ಕಿಂತ ಹೆಚ್ಚು ಅತ್ತೆ.

ಅಜ್ಜಂಪುರದಲ್ಲಿ ಕೊನೆಗೂ ಒಂದು ಮನೆ ಕೊಂಡೆ. ಅದರ ಮುಂದಿನ ಕೋಣೆಯಲ್ಲಿ ಈಗ ಒಬ್ಬ ಗುಮಾಸ್ತರು ಬಾಡಿಗೆಗಿದ್ದಾರೆ. ಅವರ ತಂದೆ ಹಾಸಿಗೆ ಹಿಡಿದಿದ್ದಾರೆ. ನಿನ್ನೆ ಗುಮಾಸ್ತರು ಬಂದು, ಊರಾಚೆ ಒಂದು ಗುಡಿಸಲು ನೋಡಿದ್ದೇನೆ ಎಂದು ತಲೆ ತಗ್ಗಿಸಿ ಹೇಳಿದರು. ನನಗೂ ಹೆಂಡತಿ ಮಕ್ಕಳಿದ್ದಾರೆ, ಬಿಟ್ಟು ಹೋಗಲು ತೋಟವಿಲ್ಲ.  ಆದರೂ ಒಳಗೇ ಮಲಗಿಸಿ ಎಂದೆ.