ಸಾಯುವ ಮುನ್ನ ರಾಣಿಗೊಂದು ಮಾತು

ಕಾನ್ವೆಂಟಿನಲ್ಲಿ ಓದಿದವಳೆಂಬ ಒಂದೇ ಕಾರಣಕ್ಕೆ ನಮ್ಮ ಮನೆಯಲ್ಲಿ ಔಷಧಿ ಚೀಟಿ, ಮಿಕ್ಸಿಯ ಗ್ಯಾರಂಟಿ ಕಾರ್ಡು, ಬ್ಯಾಂಕಿನ ಮೆಸೇಜು ಎಲ್ಲವೂ ಅರ್ಥಕ್ಕಾಗಿ ನನ್ನ ಬಳಿಗೇ ಬರುತ್ತವೆ. ಹೋದ ವರ್ಷ ಒಂದು ದುರಂತ ನಾಟಕವೂ ಬಂತು.

ತಂದವಳು ಅಕ್ಕಿಹೆಬ್ಬಾಳಿಗೆ ಕೊಟ್ಟಿರುವ ನನ್ನ ನಾದಿನಿ ಸುನಂದ. ಅವರೂರಿನ ನಾಟಕದ ಮೇಷ್ಟ್ರು ಯಾವುದೋ ಹಳೆಯ ಇಂಗ್ಲಿಷ್ ದುರಂತವನ್ನು ಕನ್ನಡಕ್ಕೆ ಇಳಿಸಿದ್ದರು. ರಾಜನಿಗೆ ರಾಣಿಯ ಮೇಲೆ ಅನುಮಾನ, ಅವಳನ್ನೊಂದು ಮಾತು ಕೇಳದೆ ಕೊಲ್ಲುತ್ತಾನೆ, ಆಮೇಲೆ ಅಳುತ್ತಾನೆ. ಆ ಕಡೆ ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುವುದೇ ರೂಢಿ. ಈ ಸಲ ಸುನಂದ ತಾನೇ ಮಾಡುತ್ತೇನೆಂದಳು. ಹಿರಿಯರು ಕೂತು ಯೋಚಿಸಿ ಒಪ್ಪಿದರು, ಒಂದು ಷರತ್ತಿನ ಮೇಲೆ: “ಸಾಯೋದಾದ್ರೆ ಗಂಡನ ಕೈಲೇ ಸಾಯ್ಲಿ. ಬ್ಯಾರೆಯೋನು ಯಾಕೆ ಮುಟ್ಬೇಕು?” ಹೀಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅವಳ ಗಂಡ ಶಿವಣ್ಣ, ಹಾಡಲು ಬಾರದಿದ್ದರೂ ರಾಜನಾದ.

ಸುನಂದಳ ತಕರಾರು ಒಂದೇ. “ಅತ್ತಿಗೆ, ರಾಜಂಗೆ ನಾಕು ಹಾಡು, ಮಂತ್ರಿಗೆ ಎರಡು. ನನಗೆ ಸಾಯೋ ಮುಂಚೆ ತಪ್ಪು ಮಾಡಿಲ್ಲ ಅನ್ನಕ್ಕೂ ಒಂದು ಮಾತಿಲ್ಲ. ಇಂಗೆ ಕುರಿ ಥರ ಸಾಯಕ್ಕೆ ನನ್ ಕೈಲಾಗಲ್ಲ. ನೀವೇ ಬಂದು ಮೇಷ್ಟ್ರಿಗೆ ಹೇಳಿ.”

ನಾನು ತಯಾರಾದೆ. ಪಕ್ಕದ ಮನೆಯ ಎಂ.ಎ. ಹುಡುಗಿ, ಇಂಥ ನಾಟಕಕ್ಕೆ ಸ್ತ್ರೀವಾದಿ ಓದು ಅಂತ ಇದೆ, ವಸಾಹತೋತ್ತರ ಓದು ಅಂತಲೂ ಇದೆ ಎಂದಳು. ಮೊದಲನೆಯದು ರಾಣಿಗೇಕೆ ಮಾತಿಲ್ಲ ಎಂದು ಕೇಳುತ್ತದಂತೆ. ಎರಡನೆಯದು, ಬಿಳಿಯರ ಕಥೆಗೆ ನಾವೇಕೆ ಅಳಬೇಕು ಎಂದು. ಶ್ರೀರಂಗಪಟ್ಟಣದಲ್ಲಿ, ಇಂಗ್ಲಿಷರ ಫಿರಂಗಿ ಒಡೆದ ಕೋಟೆಗೋಡೆ ಕಾಣುವ ನಮ್ಮ ತಾರಸಿಯ ಮೇಲೆ ಹಪ್ಪಳ ಒಣಗಿಸುತ್ತಾ ಎಲ್ಲವನ್ನೂ ಉರುಹೊಡೆದೆ. ಎರಡನೆಯ ಓದು ನನಗೆ ಕಷ್ಟವೇ ಆಯಿತು. ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಸಿಸ್ಟರುಗಳನ್ನು ನಾನು ಈಗಲೂ ಪ್ರೀತಿಯಿಂದಲೇ ನೆನೆಯುತ್ತೇನೆ, ಏನು ಮಾಡಲಿ! ಮೊದಲನೆಯದು ಮಾತ್ರ ಸಲೀಸು. ನಮ್ಮ ಯಜಮಾನರು ಕನ್ನಡಕ ಕಳೆದುಕೊಂಡರೆ ಮನೆಯವರನ್ನೆಲ್ಲ ವಿಚಾರಿಸುತ್ತಾರೆ, ಎದುರಿಗೇ ಅದನ್ನು ಹಿಡಿದು ನಿಂತ ನನ್ನೊಬ್ಬಳನ್ನು ಬಿಟ್ಟು.

ತಾಲೀಮಿನಲ್ಲಿ ವಸಾಹತೋತ್ತರದಿಂದಲೇ ಶುರು ಮಾಡಿದೆ. ಮೇಷ್ಟ್ರು ನಕ್ಕರು. “ಕತೆ ಮಾತ್ರ ಅವ್ರದು ಕಣಕ್ಕ. ಕಿರೀಟ ನಮ್ದು, ಹಾರ್ಮೋನಿ ನಮ್ದು.” ಹಾರ್ಮೋನಿಯಮ್ಮೂ ಅವರದೇ ಎಂದು ನಾನು ಹೇಳಲಿಲ್ಲ. ಆ ಇಂಗ್ಲಿಷ್ ರಾಜ ಗಣಪತಿ ಸ್ತುತಿಯಿಂದ ಪ್ರವೇಶ ಮಾಡುತ್ತಿದ್ದ; ಯಾರು ಯಾರನ್ನು ನುಂಗಿದರೆಂದು ಹೇಳುವುದು ಕಷ್ಟವಿತ್ತು.

ರಾಣಿಯ ಮಾತೆತ್ತಿದಾಗ ಅವರು ಗಾಬರಿಯಾದರು. “ರಾಣಿ ಮಾತಾಡ್ಬುಟ್ರೆ ರಾಜಂಗೆ ನಿಜ ತಿಳುದೋಯ್ತದೆ. ಆಮೇಲೆ ಯಾಕೆ ಕೊಂದಾನು? ನಾಟ್ಕ ಅಲ್ಲಿಗೇ ಮುಗುದೋಯ್ತದಲ್ಲಕ್ಕ!”

ಸ್ತ್ರೀವಾದಿಗಳು ಪುಸ್ತಕಗಟ್ಟಲೆ ಬರೆದದ್ದನ್ನು ಮೇಷ್ಟ್ರು ವಿರೋಧಿಸುವ ಭರದಲ್ಲಿ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದರು. ನಾನು ಹೌದೆಂದು ತಲೆಯಾಡಿಸಿಬಿಟ್ಟೆ. ಸುನಂದ ನನ್ನತ್ತ ನೋಡಿದ ನೋಟಕ್ಕೆ ಕಾನ್ವೆಂಟಿನ ಮಾನವೆಲ್ಲ ಹೋಯಿತು.

ನಾಟಕದ ದಿನ ರಾಜ ಮಂಚದ ಬಳಿ ಬಂದ. ತನ್ನ ಜರಿ ಶಾಲಿನಿಂದ ರಾಣಿಯ ಕುತ್ತಿಗೆ ಬಿಗಿಯಬೇಕು. ಅಷ್ಟರಲ್ಲಿ ನನ್ನ ಅತ್ತೆ, ಅಂದರೆ ಸುನಂದಳ ಅಮ್ಮ, ಹಾರ ಹಿಡಿದು ರಂಗಸ್ಥಳ ಹತ್ತಿದರು. ನಮ್ಮ ಹಳ್ಳಿ ನಾಟಕಗಳಲ್ಲಿ ಇದು ಮಾಮೂಲು: ಯುದ್ಧವೇ ನಡೆಯುತ್ತಿರಲಿ, ನೆಂಟರು ಬಂದು ತಮ್ಮವರಿಗೆ ಹಾರ ಹಾಕಿ ಇಳಿಯುವವರೆಗೆ ಎಲ್ಲರೂ ನಿಲ್ಲಬೇಕು. ರಾಜ ವಿನಯದಿಂದ ಪಕ್ಕಕ್ಕೆ ಸರಿದ; ಎಷ್ಟಾದರೂ ಹೆಣ್ಣು ಕೊಟ್ಟ ಅತ್ತೆ. ಸುನಂದ ಎದ್ದು ಹಾರ ಹಾಕಿಸಿಕೊಂಡು ಅಮ್ಮನ ಕಾಲಿಗೆ ನಮಸ್ಕರಿಸಿದಳು. ಮೈಕು ಎದುರಿಗೇ ಇತ್ತು.

“ನಾನು ತಪ್ಪು ಮಾಡಿಲ್ಲ ಕಣ್ರೀ,” ಎಂದಳು, ರಾಜನ ಕಡೆ ತಿರುಗಿ. “ಊರೋರ್ನೆಲ್ಲ ಕೇಳುದ್ರಿ. ನನ್ನ ಒಂದು ಮಾತು ಕೇಳ್ನಿಲ್ಲ.”

ಸುನಂದ ಸೀರೆಯ ನೆರಿಗೆ ಸರಿಮಾಡಿಕೊಂಡು, ಸಾಯಲು ತಾನೇ ಮಲಗಿದಳು.

“ಬಿಗಿಯಲಾ ಶಿವಣ್ಣ, ಬಿಗಿ!” ಎಂದು ಪರದೆಯ ಸಂದಿಯಿಂದ ಮೇಷ್ಟ್ರು.

ಶಿವಣ್ಣನ ಕೈ ಏಳಲಿಲ್ಲ. ಕೇಳದೆ ಕೊಂದವನಿಗೆ ಆಮೇಲೆ ಅಳುವ ಸೌಕರ್ಯವಾದರೂ ಇರುತ್ತದೆ. ಕೇಳಿಸಿಕೊಂಡವನಿಗೆ ಅದೂ ಇಲ್ಲ. ಕೊನೆಗೆ ಅವನು ಶಾಲು ಬಿಡಿಸಿ ಅವಳ ಮೈಮೇಲೆ ಮೆತ್ತಗೆ ಹೊದಿಸಿದ.

“ಸಾಯಿಸ್ತಾ ಇಲ್ಲ ಕಣವ್ವ,” ಎಂದಳು ನನ್ನ ಪಕ್ಕದ ಮುದುಕಿ. “ಸನ್ಮಾನ ಮಾಡ್ತಾವ್ನೆ!”

ಮೇಷ್ಟ್ರು ಅವಸರವಸರವಾಗಿ ಪರದೆ ಎಳೆಸಿದರು. ರಾಣಿ ಸತ್ತಳೋ ಇಲ್ಲವೋ ಎಂಬುದು ಅಕ್ಕಿಹೆಬ್ಬಾಳಿನಲ್ಲಿ ಇಂದಿಗೂ ಇತ್ಯರ್ಥವಾಗಿಲ್ಲ. ಗಂಡಸರು ಸತ್ತಳು ಎನ್ನುತ್ತಾರೆ. ನಾಟಕ ಇರುವುದೇ ಹಾಗಲ್ಲವೇ ಎಂಬುದು ಅವರ ವಾದ. ಹೆಂಗಸರ ಪ್ರಕಾರ ಅವಳು ಶಾಲು ಹೊದ್ದು ಸುಮ್ಮನೆ ಮಲಗಿದ್ದಾಳೆ. ಬೆಳಿಗ್ಗೆ ಎದ್ದು ಇನ್ನೂ ಎಷ್ಟೋ ಹೇಳುವುದಿದೆಯಂತೆ.