ಒಲೆ ಹಚ್ಚಿಕೊಡುವವರು

ಬೆಂಕಿಪೊಟ್ಟಣ ಥಂಡಿ ಹಿಡಿದಿದೆಯೇನೋ ಎಂದು ಇವತ್ತು ಬೆಳಿಗ್ಗೆ ಒಂದು ಕಡ್ಡಿ ಗೀರಿ ನೋಡಿದೆ. ಹತ್ತಿತು. ಆ ಗಂಧಕದ ವಾಸನೆ ಮೂಗಿಗೆ ಬಡಿದದ್ದೇ, ಕೈಲಿದ್ದ ಕೆಲಸ ಬಿಟ್ಟು ಕುರ್ಚಿಯ ಮೇಲೆ ಕೂತುಬಿಟ್ಟೆ. ಕೆಲಸವೇನೂ ದೊಡ್ಡದಲ್ಲ, ಸಾಮಾನು ಕಟ್ಟುವುದು. ಎಲ್ಲೋ ದೂರದ ಊರಿನಲ್ಲಿ ಒಂದು ಬೀದಿಯನ್ನು ಇನ್ನೊಂದು ಬೀದಿಯವರು ಸುಟ್ಟಿದ್ದಾರೆ. ಉಳಿದವರಲ್ಲಿ ಕೆಲವರು ನಂಟರನ್ನು ಹುಡುಕಿಕೊಂಡು ತಿ. ನರಸೀಪುರಕ್ಕೆ ಬಂದು ಒಂದು ಸಮುದಾಯ ಭವನದಲ್ಲಿದ್ದಾರೆ. ನಂಜನಗೂಡಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಕಂಬಳಿ, ಬಿಸ್ಕತ್ತು, ಕೈ ಮುಗಿದ ಚಿತ್ರಗಳು ಓಡಾಡಿ, ಕೊನೆಗೆ "ಮೇಡಂ, ನೀವು ರಿಟೈರ್ಡ್ ಟೀಚರು, ನಾಲ್ಕು ಸಮಾಧಾನದ ಮಾತು ಹೇಳಿ ಬನ್ನಿ" ಎಂದು ನನ್ನನ್ನು ಮುಂದೆ ನೂಕಿದರು. ಜೀವಮಾನವೆಲ್ಲಾ ಮಕ್ಕಳಿಗೆ ಗಲಾಟೆ ಮಾಡಬೇಡಿ ಎಂದದ್ದೇ ನನ್ನ ಮಾತುಗಾರಿಕೆ. ಅದನ್ನೂ ಯಾರೂ ಕೇಳಿದವರಲ್ಲ.

ನಿಜ ಹೇಳಬೇಕೆಂದರೆ ನನಗೆ ಸಾಕಾಗಿತ್ತು. ಮತ್ತೆ ಅದೇ ಬೂದಿ, ಅದೇ ಕಂಬಳಿ. ನಿಮಗೂ ಹಾಗನ್ನಿಸಿರಬಹುದು.

ಬಿಳಿಗೆರೆ ಕಡೆಯ ನಮ್ಮೂರಿಗೆ ಚಿಕ್ಕವ್ವ ಬಂದದ್ದೂ ಹೀಗೆಯೇ. ಅವ್ವನ ತಂಗಿ ಅವಳು. ನಾನಾಗ ಟೀಚರ್ ಟ್ರೈನಿಂಗ್ ಓದುತ್ತಿದ್ದೆ. ಅವಳ ಕೇರಿಗೆ ಬೆಂಕಿ ಬಿತ್ತು ಎಂದು ಎಲ್ಲರೂ ಹೇಳುತ್ತಿದ್ದರು. ಬೆಂಕಿ ತಾನಾಗಿ ಬೀಳುವುದಿಲ್ಲ. ಹಚ್ಚಿದವರಿದ್ದರು, ಹೆಸರು ಕುಲ ಉಳ್ಳವರೇ. ಆದರೂ ನಮ್ಮ ಬಾಯಿಗೆ ಬರುವುದು 'ಬಿತ್ತು' ಎಂದೇ, ಮಳೆ ಬಿದ್ದ ಹಾಗೆ. ಗಂಡ ಹೋಗಿ, ಮೈದುನ ಹೋಗಿ, ಮನೆ ಹೋಗಿ ಚಿಕ್ಕವ್ವ ಉಟ್ಟ ಸೀರೆಯಲ್ಲಿ ಬಂದಳು.

ನಮ್ಮ ಕೇರಿಯವರು ಒಳ್ಳೆಯವರು. ತೊಂದರೆಯಾದದ್ದೂ ಅದೇ. ಸಾವಾದ ಮನೆಯಲ್ಲಿ ಒಲೆ ಹಚ್ಚಬಾರದು, ಅಕ್ಕಪಕ್ಕದವರೇ ಬೇಯಿಸಿ ತರಬೇಕು ಎಂದು ಬೋಸಿಗಟ್ಟಲೆ ಅನ್ನ, ಸಾರು ಬಂತು. ತಿಥಿ ಕಳೆದರೂ ಬರುವುದು ನಿಲ್ಲಲಿಲ್ಲ. ಚಿಕ್ಕವ್ವ ಪಾತ್ರೆ ಮುಟ್ಟಿದರೆ "ಬುಡವ್ವ, ನಾವ್ ಮಾಡ್ತೀವಿ" ಎಂದು ಕಿತ್ತುಕೊಳ್ಳುತ್ತಿದ್ದರು. ಬೋಸಿ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಕೂತು, ಪ್ರತಿಯೊಬ್ಬರೂ ಕೇಳುತ್ತಿದ್ದದ್ದು ಒಂದೇ: "ಏನಾಯ್ತವ್ವ? ಒಸಿ ಯೋಳು." ಅವಳು ಹೇಳುತ್ತಿದ್ದಳು. ಮುಖಂಡರು ಬಂದರೆ ಅವರಿಗೂ, ಪೇಪರಿನವರು ಬಂದರೆ ಅವರಿಗೂ. ಬರಬರುತ್ತಾ ಪಾಠ ಒಪ್ಪಿಸುವ ಹಾಗೆ ಹೇಳತೊಡಗಿದಳು. ಆಮೇಲೆ ಮಾತೇ ನಿಂತಿತು. ಮಾತಿನ ಹಿಂದೆ ಊಟವೂ ನಿಂತಿತು. ತಟ್ಟೆ ಮುಂದಿಟ್ಟರೆ ಗೋಡೆ ಕಡೆ ತಿರುಗುತ್ತಿದ್ದಳು. ತಂಗಿ ಹೀಗೇ ಸೊರಗಿ ಹೋಗಿಬಿಡುತ್ತಾಳೆ ಎಂದು ಅವ್ವ ಹೆದರಿದ್ದಳು.

ನಮ್ಮ ಕಡೆ ದಾರಿಯಲ್ಲಿ ಸಿಕ್ಕವರನ್ನು ಚೆನ್ನಾಗಿದ್ದೀರಾ ಎಂದು ಕೇಳುವವರು ಕಡಿಮೆ. 'ಏನ್ ಸಾರು?' ಎನ್ನುತ್ತಾರೆ. ಬಸ್ಸಿನ ಕಿಟಕಿಯಿಂದ ಕೂಗಿಯಾದರೂ ಕೇಳುತ್ತಾರೆ. ಉತ್ತರ ಬರುವಷ್ಟರಲ್ಲಿ ಬಸ್ಸು ಹೋಗಿರುತ್ತದೆ, ಅದಕ್ಕೆ ಯಾರಿಗೂ ಬೇಸರವಿಲ್ಲ. ಟ್ರೈನಿಂಗಿನಲ್ಲಿ ಬೀದರ್ ಕಡೆಯ ಗೆಳತಿಯನ್ನು ಹೀಗೆ ದಿನಾ ಕೇಳಿ ಹೊಟ್ಟೆಬಾಕಿ ಎನ್ನಿಸಿಕೊಂಡವಳು ನಾನು. ಆದರೆ ಚಿಕ್ಕವ್ವನನ್ನು ಮಾತ್ರ ಯಾರೂ ಹಾಗೆ ಕೇಳಿರಲಿಲ್ಲ. ಅಷ್ಟೆಲ್ಲಾ ಕಳೆದುಕೊಂಡವಳನ್ನು ಸಾರಿನ ವಿಷಯ ಕೇಳುವುದು ಹೇಗೆ?

ಕೇಳಿದವಳು ಎದುರು ಮನೆಯ ಕೆಂಪಮ್ಮ. ಮಗಳ ಬಾಣಂತನಕ್ಕೆ ಬನ್ನೂರಿಗೆ ಹೋದವಳು ಆಗಷ್ಟೇ ಬಸ್ಸಿಳಿದು ಬರುತ್ತಿದ್ದಳು, ಏನೂ ಗೊತ್ತಿರಲಿಲ್ಲ. ಜಗಲಿಯಲ್ಲಿ ಕೂತಿದ್ದ ಚಿಕ್ಕವ್ವನನ್ನು ನೋಡಿ, "ಯಾವಾಗ್ ಬಂದ್ಯವ್ವ? ಏನ್ ಸಾರು ಇವತ್ತು?" ಎಂದಳು. ಅವ್ವ ಬಾಗಿಲಲ್ಲಿ ನಿಂತು ಕಣ್ಣು ಬಿಟ್ಟಳು, ಕೈಸನ್ನೆ ಮಾಡಿದಳು. ಕೆಂಪಮ್ಮನಿಗೆ ತಿಳಿಯಲಿಲ್ಲ.

ಚಿಕ್ಕವ್ವ ತಲೆಯೆತ್ತಿ, "ಏನೂ ಮಾಡ್ಲಿಲ್ಲ ಕಣಕ್ಕ," ಎಂದಳು. ಆಮೇಲೆ, "ನಾಳೆ ಉಳ್ಳಿಕಾಳ್ ಬಸ್ಸಾರು ಮಾಡವಾ ಅಂತಿವ್ನಿ" ಎಂದಳು.

ಮಾರನೆಯ ದಿನ ಹಿತ್ತಿಲ ಕೋಣೆಯಲ್ಲಿ ಒಲೆ ಹೂಡಿಸಿಕೊಂಡಳು. ಸೌದೆ ಜೋಡಿಸಿ ಕಡ್ಡಿ ಗೀರಲು ಹೋದವಳು ಗಡಗಡ ನಡುಗಿಬಿಟ್ಟಳು. ಪೊಟ್ಟಣ ಕೈಜಾರಿತು. ಅವ್ವ ಅದನ್ನು ಎತ್ತಿಕೊಂಡಳು. "ನೀ ಒಸಿ ಅತ್ಲಾಗ್ ತಿರಿಕೋ" ಎಂದು ಹೇಳಿ, ತಾನೇ ಹಚ್ಚಿಕೊಟ್ಟಳು. ಉರಿ ಹಿಡಿದ ಮೇಲೆ ಚಿಕ್ಕವ್ವ ಇತ್ತ ತಿರುಗಿ ಹುರುಳಿಕಾಳು ಬೇಯಲಿಟ್ಟಳು.

ಒಂದು ಬಸ್ಸಾರಿನಿಂದ ಅವಳು ಸರಿಹೋದಳು ಎಂದು ಬರೆದರೆ ನನ್ನ ಪೆನ್ನಿಗೆ ಹುಳ ಬೀಳಲಿ. ಈಗಲೂ ನಿದ್ದೆಯಲ್ಲಿ ಕಿರುಚುತ್ತಾಳೆ. ಕೋರ್ಟಿನಲ್ಲಿ ಕೇಸು ನಿಲ್ಲಲಿಲ್ಲ, ಹಚ್ಚಿದವರು ಬಿಡುಗಡೆಯಾದರು, ಆ ಸಿಟ್ಟು ನನಗೆ ಇನ್ನೂ ಆರಿಲ್ಲ. ಆದರೆ ಅಂದಿನಿಂದ ಬೋಸಿಗಳು ಬರುವುದು ನಿಂತಿತು. ಬದಲಿಗೆ ಬೆಳಿಗ್ಗೆ, ಸಂಜೆ ಕೇರಿಯ ಯಾವಳಾದರೊಬ್ಬಳು ಒಳಗೆ ಬಂದು, ಅವಳ ಒಲೆ ಹಚ್ಚಿಕೊಟ್ಟು, 'ಏನ್ ಸಾರು?' ಎಂದು ಕೇಳಿ ಹೋಗುತ್ತಿದ್ದಳು. ಸರದಿ ಹಾಕಿದವರಿಲ್ಲ, ನೆನಪಿಸಿದವರಿಲ್ಲ. ಹೊಸದಾಗಿ ಬಂದ ಸೊಸೆಯರೂ ಕಲಿತರು. ಆ ದಿನ ಏನಾಯಿತೆಂಬುದನ್ನು ಚಿಕ್ಕವ್ವ ತನಗೆ ಬೇಕೆನ್ನಿಸಿದಾಗ, ಬೇಕಾದವರಿಗೆ ಹೇಳಿದಳು. ಅವ್ವ ತೀರಿಕೊಂಡ ಮೇಲೆ ಅವಳು ನನ್ನ ಜೊತೆಗಿದ್ದಾಳೆ. ಗ್ಯಾಸನ್ನೂ ನಾನೇ ಹಚ್ಚಿಕೊಡುತ್ತೇನೆ.

ಕುರ್ಚಿಯಲ್ಲಿ ಕೂತ ನನ್ನನ್ನು ನೋಡಿ, "ನಾನೂ ಬತ್ತೀನಿ, ನಡಿ. ಕಂಬ್ಳಿ ಜೊತ್ಗೆ ಒಂದು ಒಲೆ ಆಕಿಸ್ಕೊ" ಎಂದಳು.

ಭವನದಲ್ಲಿ ಒಬ್ಬ ಎಳೆ ವಯಸ್ಸಿನ ಹೆಂಗಸಿನ ಮುಂದೆ ಯಾರೋ ಮೊಬೈಲ್ ಹಿಡಿದು ಏನಾಯ್ತು ಹೇಳಮ್ಮ ಎನ್ನುತ್ತಿದ್ದರು. ಚಿಕ್ಕವ್ವ ನಡುವೆ ಹೋಗಿ ಕೂತು, "ನಿಮ್ ಕಡೆ ಏನ್ ಸಾರ್ ಮಾಡೀರಿ ಮಗ?" ಎಂದಳು. ಆ ಹೆಂಗಸು ಮೊಬೈಲಿನಿಂದ ಇತ್ತ ತಿರುಗಿದಳು. ಆಮೇಲೆ, "ಸೊಪ್ಸಾರು. ದಿನಾ ಚಿತ್ರಾನ್ನ ತಿಂದು ಸಾಕಾಗ್ಬುಟ್ಟದೆ" ಎಂದಳು.

ಸೊಪ್ಪು ತರಿಸಿದೆವು. ಹಿಂದಿನ ಅಂಗಳದಲ್ಲಿ ಒಲೆ ಇಟ್ಟೆವು. ಬೆಂಕಿಪೊಟ್ಟಣ ಕೈಗೆ ತೆಗೆದುಕೊಂಡ ಆ ಹೆಂಗಸು ಹಾಗೇ ನಿಂತುಬಿಟ್ಟಳು. ಅಭ್ಯಾಸದಂತೆ ನಾನು ಕೈ ಚಾಚಿದೆ. ನನಗಿಂತ ಮೊದಲು ಚಿಕ್ಕವ್ವ ಅದನ್ನು ಈಸಿಕೊಂಡಳು. "ನೀ ಒಸಿ ಅತ್ಲಾಗ್ ತಿರಿಕೋ" ಎಂದಳು. ಮೊದಲ ಕಡ್ಡಿ ಮುರಿಯಿತು. ಇನ್ನೊಂದು ಹತ್ತಿತು. ನನಗೆ ಅಳು ಬಂತು, ಸೊಪ್ಪು ಬಿಡಿಸುತ್ತಾ ಕೂತೆ. ತಂದಿದ್ದ ಸಮಾಧಾನದ ಮಾತು ಯಾವುದೂ ಬೇಕಾಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಚಿಕ್ಕವ್ವ ಕೇಳಿದಳು: "ನಾಳೀಕೆ ಯಾರ್ ಅಚ್ಕೊಟ್ಟಾರು ಅವ್ಳಿಗೆ?"

"ಬೆಳಿಗ್ಗೆ ಬಸ್ಸಿಗೇ ಬರೋಣ ಬಿಡು," ಎಂದೆ.