ಮರಳುಗಾಡಿನ ಜಲಗಂಡ

ಪಕ್ಕದ ಮನೆಯವರು ನೈವಾಷಾ ಸರೋವರಕ್ಕೆ ಹೋಗಿ ನೆನೆಸಿಕೊಂಡು ತಂದ ಟೆಂಟನ್ನು ಇವತ್ತು ಬೆಳಿಗ್ಗೆ ಬಾಲ್ಕನಿಯ ಕಂಬಿಯ ಮೇಲೆ ಒಣಹಾಕಿದ್ದಾರೆ. ಒದ್ದೆ ಕ್ಯಾನ್ವಾಸಿನ ಮುಗ್ಗಲು ವಾಸನೆ ನಮ್ಮ ಕಾಫಿಯನ್ನೂ ಮೀರಿಸಿ ಒಳಗೆ ಬಂತು. ಬೇರೆಯವರಿಗೆ ಇದರಿಂದ ಸೀನು ಬರಬಹುದು. ನನಗೆ ಪ್ರಸನ್ನ ನೆನಪಾಗುತ್ತಾರೆ.

ಪ್ರಸನ್ನ ತುಮಕೂರಿನವರು, ಮೊಬೈಲ್ ಟವರ್ ನಿಲ್ಲಿಸುವ ಎಂಜಿನಿಯರು. ಕೆಲವು ವರ್ಷಗಳ ಹಿಂದೆ ಇಲ್ಲೇ ನೈರೋಬಿಯ ಪಂಗಾನಿಯಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದರು. ಅವರ ಜಾತಕದಲ್ಲಿ ಜಲಗಂಡವಿತ್ತು. ನೀರಿನಿಂದ ಪ್ರಾಣಾಪಾಯ ಎಂದು ಊರಿನ ಜೋಯಿಸರು ಬರೆದುಕೊಟ್ಟಿದ್ದರು. ಹಾಗಾಗಿ ಮೊಂಬಾಸಾಕ್ಕೆ ಹೋದರೂ ಸಮುದ್ರಕ್ಕೆ ಬೆನ್ನು ಮಾಡಿ ಕೂತು ಎಳನೀರು ಕುಡಿದು ಬರುತ್ತಿದ್ದರು. ಕಂಪನಿಯವರು ಉತ್ತರದ ಸೊಮಾಲಿ ಕರಾವಳಿಗೆ, ವರ್ಷಗಟ್ಟಲೆ ಮಳೆ ಕಾಣದ ಬೋಳು ಸೀಮೆಗೆ ಹಾಕಿದಾಗ ನಾವೆಲ್ಲ ಅಯ್ಯೋ ಎಂದೆವು. ಅವರು ಮೈಸೂರುಪಾಕು ಹಂಚಿದರು.

"ಮರಳುಗಾಡಲ್ಲಿ ನೀರಿನ ಗಂಡಾಂತರ ಎಲ್ಲಿಂದ ಬರ್ಬೇಕು ಸಾರ್?"

ನನ್ನ ಹೆಂಡತಿ ವಸುಧಾ ಮೈಸೂರುಪಾಕು ತಿಂದು ಕೈ ತೊಳೆಯಲು ಎದ್ದಳು. ಅವಳು ಹವಾಮಾನ ತಜ್ಞೆ. ಇದೇ ಊರಿನ ಗಿಗಿರಿಯ ಕಚೇರಿಯೊಂದರಲ್ಲಿ ಕೂತು ಅದೇ ಒಣ ಕರಾವಳಿಗೆ ಮಳೆಯ ಮುನ್ಸೂಚನೆ ಬರೆಯುತ್ತಾಳೆ. ಪಿಕ್ನಿಕ್ಕಿಗೆ ಮುಂಚೆ ಇಲ್ಲಿನ ಕನ್ನಡದವರು ಯಾರಾದರೂ ಮಳೆ ಬರುತ್ತದಾ ಎಂದು ಕೇಳಿದರೆ, "ನೈರೋಬಿ ನನ್ನ ಕೆಲಸಕ್ಕೆ ಸೇರಿದ್ದಲ್ಲ" ಎನ್ನುತ್ತಾಳೆ. ನಿಜ. ಟೆರೇಸಿನ ಬಟ್ಟೆಯನ್ನು ಮಳೆಗೆ ಮುಂಚೆ ತರುವುದು ನನ್ನ ಕೆಲಸಕ್ಕೆ ಸೇರಿದ್ದು.

ಮಳೆಯೇ ಬಾರದ ಸೀಮೆಗೆ ಮಳೆ ತಜ್ಞೆ ಏಕೆ ಎಂದು ನಾನು ಕಾಲೆಳೆಯುತ್ತಿದ್ದೆ. ಒಮ್ಮೆ ಅವಳು ಅಡುಗೆಕಟ್ಟೆಯ ಕಡಪಾ ಕಲ್ಲಿನ ಮೇಲೆ ಒಂದು ಲೋಟ ನೀರು ಸುರಿದು ತೋರಿಸಿದಳು. ಕಾದು ಗಟ್ಟಿಯಾದ ನೆಲ ಹೀಗೆಯೇ, ನೀರು ಕುಡಿಯುವುದಿಲ್ಲ. ಸಮುದ್ರದಲ್ಲಿ ಎದ್ದ ಬಿರುಗಾಳಿ ಅಪರೂಪಕ್ಕೆ ಆ ಸೀಮೆಯತ್ತ ತಿರುಗಿತೆಂದರೆ ಕರಾವಳಿಯ ಹಿಂದಿನ ಬೆಟ್ಟಕ್ಕೆ ಬಡಿದು, ವರ್ಷಗಳ ಮಳೆಯನ್ನು ಒಂದೇ ದಿನ ಸುರಿಸುತ್ತದೆ. ಅಷ್ಟೂ ನೀರು ಒಣ ಹೊಳೆಗಳ ದಾರಿ ಹಿಡಿದು ಕೆಳಗಿಳಿಯುತ್ತದೆ. ಕೆಳಗಿದ್ದವರ ತಲೆಯ ಮೇಲೆ ಆಗ ಸುಡು ಬಿಸಿಲಿರಬಹುದು. ಎಲ್ಲ ಕೇಳಿಸಿಕೊಂಡು ನಾನು ಕಟ್ಟೆ ಒರೆಸಿದೆ.

ಒಂದು ಶನಿವಾರ ಮಧ್ಯಾಹ್ನ ಪ್ರಸನ್ನ ಅಲ್ಲಿಂದ ಫೋನ್ ಮಾಡಿದರು, ಸಾರಿಗೆ ಎಷ್ಟು ಹುಣಸೆಹಣ್ಣು ಹಾಕಬೇಕೆಂದು ಕೇಳಲು. ಮಾತಿಗೆ ಮಾತು ಬಂದು, "ಟೆಂಟ್ ಹಾಕೋಕೆ ಫಸ್ಟ್ ಕ್ಲಾಸ್ ಜಾಗ ಸಿಕ್ತು ಸಾರ್. ಒಣಗಿದ ಹೊಳೆ, ಮರಳು ಹಾಸಿಗೆ ತರ ಇದೆ" ಎಂದರು. ಫೋನ್ ಸ್ಪೀಕರಿನಲ್ಲಿತ್ತು. ವಸುಧಾ ಬಂದು ಕಿತ್ತುಕೊಂಡಳು.

"ಪ್ರಸನ್ನ, ಈಗ್ಲೇ ಟೆಂಟ್ ಕಿತ್ತು ಎತ್ತರಕ್ಕೆ ಹೋಗಿ. ಹಿಂದಿನ ಬೆಟ್ಟದಲ್ಲಿ ಭಾರಿ ಮಳೆ. ಬೆಳಿಗ್ಗೆನೇ ವಾರ್ನಿಂಗ್ ಕಳ್ಸಿದೀವಿ."

"ಅತ್ತಿಗೆ, ಇಲ್ಲಿ ಮೋಡದ ಚೂರೂ ಇಲ್ಲ. ನೀರು ಬರೋದು ಖಂಡಿತಾನಾ?"

ವಸುಧಾ ಸುಳ್ಳು ಹೇಳುವವಳಲ್ಲ. "ಖಂಡಿತ ಅನ್ನೋಕಾಗಲ್ಲ. ಸಾಧ್ಯತೆ ತುಂಬಾ ಜಾಸ್ತಿ."

"ನೋಡಿ, ನಿಮ್ಗೇ ಗ್ಯಾರಂಟಿ ಇಲ್ಲ. ನಮ್ ಟವರ್ ಹುಡುಗ್ರು ಊಟಕ್ಕೆ ಕಾಯ್ತಿದಾರೆ. ನಾಳೆ ಶಿಫ್ಟ್ ಮಾಡ್ತೀವಿ ಬಿಡಿ."

ಅವಳು ತೇವಾಂಶ, ಗಾಳಿ, ಇಳಿಜಾರು ಎಲ್ಲವನ್ನೂ ಹೇಳಿದಳು. ಆ ಕಡೆಯಿಂದ ಹೂಂ, ಹೂಂ ಎಂಬುದಷ್ಟೇ ಬಂತು. ಆಗ, ಪಂಚಾಂಗವನ್ನು ಮನೆಯೊಳಗೇ ಬಿಟ್ಟುಕೊಳ್ಳದ ನನ್ನ ಹೆಂಡತಿ ಗೋಡೆಯ ಕಡೆ ತಿರುಗಿ ನಿಂತಳು.

"ಪ್ರಸನ್ನ, ನಿಮ್ಮ ಜಲಗಂಡ ಇವತ್ತೇ."

ಹೂಂ ನಿಂತಿತು. "ಖಂಡಿತಾನಾ ಅತ್ತಿಗೆ?"

"ಖಂಡಿತ."

ಫೋನ್ ಕಟ್ಟಾಯಿತು. ಹುಣಸೆಹಣ್ಣಿನ ವಿಷಯ ಅಲ್ಲಿಗೇ ನಿಂತಿತು.

ಸಂಜೆಯವರೆಗೆ ಅವರ ನಂಬರು ಸಿಗಲಿಲ್ಲ. ನನಗೆ ಭಯವಾಯಿತು, ಮಾಡಲು ಬೇರೇನೂ ತೋಚದೆ ಒಣಗದ ಬಟ್ಟೆಗಳನ್ನೆಲ್ಲ ಮಡಿಸಿಟ್ಟೆ. ಕೊನೆಗೆ ಅವರೇ ದಿಬ್ಬವೊಂದರ ಮೇಲಿನಿಂದ ಮಾತಾಡಿದರು. ಹುಡುಗರೆಲ್ಲ ಕ್ಷೇಮ. ಟೆಂಟ್ ಹಾಕಿದ್ದ ಜಾಗದಲ್ಲಿ ಕೆಂಪು ಹೊಳೆ ಹರಿಯುತ್ತಿದೆ. ಹೇಳುತ್ತಲೇ ಅತ್ತರು.

ಆಮೇಲೆ ಕನ್ನಡದ ಮನೆಗಳಿಂದ ವಸುಧಾಳಿಗೆ ಜಾತಕಗಳು ಬರತೊಡಗಿದವು. ಗಿಗಿರಿಯಿಂದ ಸುಸ್ತಾಗಿ ಬಂದವಳಿಗೆ ಗೃಹಪ್ರವೇಶದ ಮುಹೂರ್ತ ಕೇಳುತ್ತಿದ್ದರು. ನಾನು ನಗುತ್ತಿದ್ದೆ, ಅವಳು ನಗುತ್ತಿರಲಿಲ್ಲ. ಆ ಶನಿವಾರ ಅದೇ ಹೊಳೆಯ ಕೆಳಭಾಗದಲ್ಲಿ, ಸಮುದ್ರದ ಹತ್ತಿರ, ಆಡು ಮೇಯಿಸುವ ಕುಟುಂಬಗಳು ಬಿಡಾರ ಹೂಡಿದ್ದವು. ಎಚ್ಚರಿಕೆ ಅವರಿಗೂ ತಲುಪಿತ್ತು. ಪ್ರಸನ್ನರ ಹಾಗೆಯೇ ಅವರೂ ಆಕಾಶ ನೋಡಿ ಅಲ್ಲೇ ಉಳಿದರು. ಕೆಲವರು ಬದುಕಲಿಲ್ಲ.

"ಪ್ರಸನ್ನಂಗೆ ಹೇಳೋಕೆ ನನ್ ಹತ್ರ ಒಂದು ಮಾತಿತ್ತು ಕಣ್ರೀ," ಎಂದಳು ಒಂದು ದಿನ ಊಟಕ್ಕೆ ಕೂತಾಗ. "ಆ ಆಡು ಮೇಯ್ಸೋರು ಏನ್ ಹೇಳಿದ್ರೆ ಎದ್ದು ಹೋಗ್ತಿದ್ರು ಅಂತ ನಾನು ಯಾರನ್ನೂ ಕೇಳೇ ಇರ್ಲಿಲ್ಲ."

ಆಮೇಲೆ ನಾನು ಅವಳ ಕಾಲೆಳೆಯುವುದನ್ನು ಬಿಟ್ಟೆ.

ಇವತ್ತು ಈ ವಾಸನೆಯ ನೆಪದಲ್ಲಿ ನಾನೇ ಪ್ರಸನ್ನರಿಗೆ ಫೋನ್ ಮಾಡಿದೆ. ಈಗ ಬೆಂಗಳೂರಿನಲ್ಲಿದ್ದಾರೆ, ಹೊಸ ಮನೆ, ಹೊಸ ಮಗು. "ಪಾಪು ಜಾತಕ ಕಳಿಸ್ತೀನಿ, ಅತ್ತಿಗೆಗೆ ಸ್ವಲ್ಪ ನೋಡೋಕೆ ಹೇಳಿ ಸಾರ್" ಎಂದರು. ಬೈಸಿಕೊಳ್ಳಲಿ ಎಂದು ಫೋನನ್ನು ವಸುಧಾಳ ಕೈಗೇ ಕೊಟ್ಟೆ.

ಅವಳು ಬೈಯಲಿಲ್ಲ. "ಜಾತಕ ಇರ್ಲಿ ಪ್ರಸನ್ನ. ಮನೆ ಗ್ರೌಂಡ್ ಫ್ಲೋರಾ? ಆ ಲೇಔಟ್ ಜಾಗದಲ್ಲಿ ಮೊದ್ಲು ಕೆರೆ ಇತ್ತಾ?"

ಆ ಕಡೆಯ ದನಿ ನನಗೂ ಕೇಳಿಸಿತು. "ಇತ್ತಂತೆ ಅತ್ತಿಗೆ."

"ಹಾಗಾದ್ರೆ ಪಾಪುಗೂ ಜಲಗಂಡ ಇದೆ. ಮಳೆಗಾಲಕ್ಕೆ ಮುಂಚೆ ಮೇಲಿನ ಮನೆ ನೋಡ್ಕೊಳ್ಳಿ." ಫೋನ್ ಕೊಡಲು ಹೋದವಳು ಮತ್ತೆ ಕಿವಿಗಿಟ್ಟುಕೊಂಡಳು. "ಅಕ್ಕಪಕ್ಕದೋರಿಗೂ ಹೇಳಿ. ಆ ಬೀದೀಲಿ ಎಲ್ರ ಜಾತಕದಲ್ಲೂ ಅದೇ ಇದೆ."